ಹಿರಿಯ ಗೋಲಿಯನ್ನು ಕೊಟ್ಟುಬಿಡ್ತಾರಂತೆ, ಹೌದಾ?

ಓದುಗರ ಪ್ರಶ್ನೆ: ನಾವು ಹಾಸನದ ಕಡೆಯವರು. ಹನ್ನೊಂದು ವರ್ಷದಿಂದ ಮಿನ್ನೆಸೋಟದ ಸೇಂಟ್ ಪಾಲ್ ಹತ್ತಿರ ಇದ್ದೇವೆ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದು. ಮಗನಿಗೆ ಮಾತ್ರ ಊಟ ನಿದ್ದೆ ಎಲ್ಲ ಐಸ್ ಹಾಕಿಯೇ, ಮಕ್ಕಳ ತಂಡದಲ್ಲಿ ಅವನೂ ಗೋಲಿ, ಅಂದರೆ ಗೋಲ್‌ಕೀಪರ್. 2024ರ ಮಾರ್ಚ್‌ನಲ್ಲಿ ಹಿರಿಯ ಗೋಲಿ ಮಾರ್ಕ್-ಆಂಡ್ರೆ ಫ್ಲೂರಿಯವರನ್ನು ನಮ್ಮ ಮಿನ್ನೆಸೋಟ ವೈಲ್ಡ್ ತಂಡ ಬೇರೆಯವರಿಗೆ ಕೊಟ್ಟುಬಿಡುತ್ತದೆ ಎಂದು ದಿನಕ್ಕೊಂದು ಸುದ್ದಿ ಬರುತ್ತಿತ್ತು. ಹುಟ್ಟುಹಬ್ಬಕ್ಕೆ ಕೊಡಿಸಬೇಕೆಂದಿದ್ದ ಅವರ ಜೆರ್ಸಿಯನ್ನು ಅದೇ ಭಯಕ್ಕೆ ಮುಂದೂಡಿದೆ. ಅವರು ಎಲ್ಲಿಗೂ ಹೋಗಲಿಲ್ಲ. ಮಗ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ. ಈಗ ಫ್ಲೂರಿ ನಿವೃತ್ತರು. ಮಗ ಹೊಸದಾಗಿ ಹಚ್ಚಿಕೊಂಡಿರುವ ಗೋಲಿಗೂ ಮೂವತ್ತೇಳು ದಾಟಿದೆ, ಮತ್ತೆ ಅದೇ ಗುಸುಗುಸು. ಇಂಥ ಸುದ್ದಿಯಲ್ಲಿ ಎಷ್ಟನ್ನು ನಂಬಬೇಕು? ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ? ‘ನಾನು ಹೋಗಲ್ಲ’ ಎನ್ನುವ ಹಕ್ಕು ಆಟಗಾರನಿಗೆ ಇದೆಯೇ? 2021ರಲ್ಲಿ ಲೀಗ್‌ನ ಅತ್ಯುತ್ತಮ ಗೋಲಿ ಎಂಬ ಪ್ರಶಸ್ತಿ ಬಂದು ತಿಂಗಳು ತುಂಬುವ ಮೊದಲೇ ಫ್ಲೂರಿಯವರನ್ನು ಕೊಟ್ಟು, ಯಾರೂ ಹೆಸರು ಕೇಳದ ಒಬ್ಬ ಹುಡುಗನನ್ನು ತೆಗೆದುಕೊಂಡರಂತೆ. ಅದು ಅವಮಾನವಲ್ಲವೇ? ಕೊನೆಯದಾಗಿ, ಈ ಸಲದ ಜೆರ್ಸಿ ಈಗಲೇ ಕೊಳ್ಳಲೋ, ಆಟಗಾರರನ್ನು ಅದಲುಬದಲು ಮಾಡುವ ಕೊನೆಯ ದಿನ, ಆ ಡೆಡ್‌ಲೈನ್, ಮುಗಿಯಲಿ ಎಂದು ಕಾಯಲೋ?

ಉತ್ತರ: ಮಗ ಈಗ ಮೆಚ್ಚಿಕೊಂಡಿರುವ ಗೋಲಿಯ ಹೆಸರನ್ನು ನೀವು ಬರೆದಿಲ್ಲ. ಒಳ್ಳೆಯದೇ ಆಯಿತು. ಬರೆದಿದ್ದರೆ ನಾನೂ ಊಹೆ ಮಾಡಬೇಕಾಗುತ್ತಿತ್ತು, ಗಾಳಿಸುದ್ದಿ ಹಬ್ಬಿಸುವವರ ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಿದಂತಾಗುತ್ತಿತ್ತು. ಅದರ ಬದಲು ಫ್ಲೂರಿಯವರ ಕಥೆಯನ್ನೇ ಹಿಡಿದುಕೊಳ್ಳೋಣ. ಸುದ್ದಿಯಾಗಿ ಆಗದೆ ಉಳಿದ ಟ್ರೇಡ್ (ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಡುವ ವ್ಯಾಪಾರ), ಸುದ್ದಿಗಿಂತ ಮೊದಲೇ ಒಳಗೊಳಗೆ ಮುಗಿದಿದ್ದ ತೀರ್ಮಾನ, ಎಲ್ಲರೂ ಊಹಿಸಿದಂತೆಯೇ ಆದ ಟ್ರೇಡ್, ಎಲ್ಲವೂ ಅವರೊಬ್ಬರ ಬಾಳಿನಲ್ಲೇ ಆಗಿಹೋಗಿವೆ.

ನನ್ನ ಕೆಲಸ ಟೊರಾಂಟೊದಲ್ಲಿ ಆಟಗಾರರ ಒಪ್ಪಂದ ಓದಿ ಹೇಳುವುದು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೆಳಗಿನ ಲೀಗ್‌ಗಳವರು, ಮಕ್ಕಳು ಗೋಡೆಗೆ ಚಿತ್ರ ಅಂಟಿಸಿಕೊಳ್ಳುವಂಥವರಲ್ಲ. ಆದರೂ ಫೆಬ್ರವರಿ ಬಂತೆಂದರೆ ಅವರ ಫೋನ್‌ಗಳೂ ಬಡಿದುಕೊಳ್ಳುತ್ತವೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ಒಬ್ಬ ಗೋಲಿ ಕರೆಮಾಡಿ ಕೇಳಿದ್ದು ಟ್ರೇಡ್ ಬಗ್ಗೆ ಅಲ್ಲ. ‘ನಾಳೆ ಮನೆ ಬಾಡಿಗೆ ಕರಾರು ಮುಂದುವರಿಸಬೇಕು, ಸಹಿ ಹಾಕಲೋ ಬೇಡವೋ ಹೇಳಿ’ ಎಂದ. ಅವನ ಹೆಸರು ಆಗ ಮೂರು ತಂಡಗಳ ಜೊತೆ ತಳುಕು ಹಾಕಿಕೊಂಡು ಓಡಾಡುತ್ತಿತ್ತು. ಹಾಕು ಎಂದೆ. ಅವನ ಒಪ್ಪಂದದ ಸಾಲುಗಳನ್ನು ಓದಿದ್ದೆ, ಆ ಮೂರು ತಂಡಗಳ ಲೆಕ್ಕಪತ್ರವೂ ಕಣ್ಣ ಮುಂದಿತ್ತು, ಒಂದಕ್ಕೊಂದು ಕೂಡುತ್ತಿರಲಿಲ್ಲ. ಅವನು ಅದೇ ಮನೆಯಲ್ಲಿ ಇನ್ನೂ ಎರಡು ಚಳಿಗಾಲ ಕಳೆದ.

ಈಗ ನಿಮ್ಮ ಹೊಗೆಯ ಮಾತು. ನಮ್ಮ ಅಜ್ಜಿ ಮನೆಯಲ್ಲಿ ಬಾಳೆಗೊನೆಯನ್ನು ಗುಂಡಿಗೆ ಇಳಿಸಿ, ಮೇಲೆ ಸೊಪ್ಪು ಮಣ್ಣು ಮುಚ್ಚಿ, ಪಕ್ಕದ ತೂತಿನಿಂದ ಹೊಗೆ ಊದುತ್ತಿದ್ದರು. ಕಾಯಿ ಬೇಗ ಹಣ್ಣಾಗಲಿ ಎಂದು. ಹಾಕಿ ಮಾರುಕಟ್ಟೆಯ ಹೊಗೆ ಬಹುಪಾಲು ಈ ಜಾತಿಯದು. ಬೆಂಕಿ ಇರುವುದು ನಿಜ, ಆದರೆ ಮನೆಗೆ ಬಿದ್ದ ಬೆಂಕಿಯಲ್ಲ. ಹಣ್ಣು ಬೇಕಾದವರು ಹಚ್ಚಿದ್ದು. ಹಾಗಾಗಿ ಸುದ್ದಿ ಓದಿದಾಗ ನಾನು ಮೊದಲು ಕೇಳಿಕೊಳ್ಳುವುದು ‘ಇದು ನಿಜವೋ’ ಎಂದಲ್ಲ, ‘ಇದು ಹೊರಬಿದ್ದರೆ ಯಾರ ಕಾಯಿ ಹಣ್ಣಾಗುತ್ತದೆ’ ಎಂದು.

ಮಾರುವ ತಂಡಕ್ಕೆ ಒಬ್ಬನೇ ಗಿರಾಕಿ ಇದ್ದಾಗ ಎರಡನೆಯವನೂ ಇದ್ದಾನೆ ಎಂಬ ಮಾತು ಹಬ್ಬಬೇಕು. ಕೊಳ್ಳುವ ತಂಡಕ್ಕೆ ತಮ್ಮ ಈಗಿನ ಗೋಲಿಯನ್ನು ಸ್ವಲ್ಪ ಚುಚ್ಚಬೇಕು. ಏಜೆಂಟನಿಗೆ ತನ್ನ ಆಟಗಾರನಿಗೆ ಬೇಡಿಕೆ ಇದೆ ಎಂದು ಈಗಿನ ಮಾಲೀಕರ ಕಿವಿಗೆ ಬೀಳಬೇಕು. ಡೆಡ್‌ಲೈನ್ ದಿನ ಕೆನಡಾದ ಕ್ರೀಡಾ ಚಾನೆಲ್‌ಗಳು ಬೆಳಗಿನಿಂದ ಗಂಟೆಗಟ್ಟಲೆ ನೇರ ಪ್ರಸಾರ ಮಾಡುತ್ತವೆ. ಆ ಹೊತ್ತನ್ನು ತುಂಬಿಸಲು ಮಾತು ಬೇಕು. ಇಷ್ಟು ಜನರಲ್ಲಿ ಸುಳ್ಳು ಹೇಳುವವರು ಕಡಿಮೆ. ‘ವಿಚಾರಿಸಿದ್ದಾರೆ’ ಎಂಬ ಮಾತು ನಿಜವೇ ಆಗಿರುತ್ತದೆ. ಸಂತೆಯಲ್ಲಿ ಹಾದುಹೋಗುವವರೆಲ್ಲ ಎಮ್ಮೆಯ ಬೆಲೆ ವಿಚಾರಿಸುತ್ತಾರಲ್ಲ, ಅಷ್ಟೇ ನಿಜ. ದನದ ಜಾತ್ರೆಯಲ್ಲಿ ನಿಜವಾದ ವ್ಯಾಪಾರ ಟವೆಲ್ಲಿನ ಕೆಳಗೆ, ಬೆರಳು ಹಿಡಿದು ನಡೆಯುತ್ತದೆ. ಅದು ಸುತ್ತ ನಿಂತವರಿಗೆ ಕೇಳಿಸುವುದಿಲ್ಲ.

ಟವೆಲ್ಲಿನ ಕೆಳಗಿನ ವ್ಯಾಪಾರಕ್ಕೆ 2017ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆಗ ಫ್ಲೂರಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ನಲ್ಲಿದ್ದರು. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2003ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಹುಡುಗ. 2009ರ ಫೈನಲ್‌ನ ಏಳನೇ ಪಂದ್ಯದಲ್ಲಿ ಕೊನೆಯ ಕ್ಷಣದಲ್ಲಿ ಅಡ್ಡ ಹಾರಿ ಡೆಟ್ರಾಯಿಟ್‌ನ ನಿಕ್ಲಾಸ್ ಲಿಡ್‌ಸ್ಟ್ರೋಮ್ ಹೊಡೆತ ತಡೆದು ಲೀಗ್‌ನ ಅತಿ ದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ತಂದವರು. 2016ರಲ್ಲಿ ತಲೆಗೆ ಪೆಟ್ಟಾಗಿ ಕೂತಾಗ ಮ್ಯಾಟ್ ಮರ‍್ರಿ ಎಂಬ ಯುವಕ ಬಂದು ಇನ್ನೊಂದು ಕಪ್ ಗೆದ್ದುಕೊಟ್ಟ. ಅಲ್ಲಿಂದ ಶುರು ಸುದ್ದಿ. ಫ್ಲೂರಿಯವರ ಒಪ್ಪಂದದಲ್ಲಿ, ಅವರ ಒಪ್ಪಿಗೆ ಇಲ್ಲದೆ ಕಳಿಸುವಂತಿಲ್ಲ ಎಂಬ ‘ನೋ-ಮೂವ್’ ಷರತ್ತಿತ್ತು. ಲಾಸ್ ವೇಗಸ್‌ಗೆ ಹೊಸ ತಂಡ ಬರುವುದಿತ್ತು, ಅದು ಹಳೆಯ ತಂಡಗಳಿಂದ ತಲಾ ಒಬ್ಬ ಆಟಗಾರನನ್ನು ಆರಿಸಿಕೊಳ್ಳುವುದಿತ್ತು, ಆ ತಂಡಗಳು ತಲಾ ಒಬ್ಬ ಗೋಲಿಯನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ಆ ಷರತ್ತು ಇದ್ದವರನ್ನು ಉಳಿಸಿಕೊಳ್ಳಲೇಬೇಕು ಎಂಬುದು ನಿಯಮ. ಅಂದರೆ ಫ್ಲೂರಿ ಒಪ್ಪದಿದ್ದರೆ ಮರ‍್ರಿ ಕೈಬಿಟ್ಟು ಹೋಗುತ್ತಾನೆ. ಆ ವರ್ಷ ಡೆಡ್‌ಲೈನ್‌ವರೆಗೂ ಫ್ಲೂರಿ ಇಲ್ಲಿಗೆ, ಅಲ್ಲಿಗೆ ಎಂದು ಊಹೆಗಳು ಹಾರಾಡಿದವು. ಅವರು ಫೆಬ್ರವರಿಯಲ್ಲೇ, ಷರತ್ತನ್ನು ಬಿಟ್ಟುಕೊಡುತ್ತೇನೆ, ವೇಗಸ್‌ಗೆ ನನ್ನನ್ನು ಒಡ್ಡಿ ಎಂದು ಒಪ್ಪಿಯಾಗಿತ್ತು. ಊರಿಗೆ ಗೊತ್ತಾದದ್ದು ಜೂನ್‌ನಲ್ಲಿ.

ಡೆಡ್‌ಲೈನ್‌ನಲ್ಲಿ ಪಿಟ್ಸ್‌ಬರ್ಗ್ ಅವರನ್ನು ಮಾರಲಿಲ್ಲ. ಏಪ್ರಿಲ್‌ನಲ್ಲಿ ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಮೈ ಬಿಸಿ ಮಾಡಿಕೊಳ್ಳುವಾಗಲೇ ಮರ‍್ರಿ ಗಾಯಗೊಂಡ. ಹೊರಡುವ ತಯಾರಿಯಲ್ಲಿದ್ದ ಹಿರಿಯರು ಬಂದು ಕೊಲಂಬಸ್ ತಂಡವನ್ನು ಮಣಿಸಿದರು, ವಾಷಿಂಗ್ಟನ್ ವಿರುದ್ಧ ಏಳನೇ ಪಂದ್ಯವನ್ನು ಒಂದೂ ಗೋಲು ಬಿಡದೆ ಗೆದ್ದರು. ಒಟ್ಟಾವ ಸರಣಿಯ ಮೂರನೇ ಪಂದ್ಯದಲ್ಲಿ ಮೊದಲ ಅವಧಿಯಲ್ಲೇ ನಾಲ್ಕು ಗೋಲು ಬಿದ್ದಾಗ ಮತ್ತೆ ಮರ‍್ರಿಗೆ ಜಾಗ ಬಿಟ್ಟುಕೊಟ್ಟರು. ಕಪ್ ಗೆದ್ದ ರಾತ್ರಿ ನ್ಯಾಶ್‌ವಿಲ್‌ನ ಮಂಜಿನ ಮೇಲೆ ಅದನ್ನು ಮರ‍್ರಿಯ ಕೈಗೆ ದಾಟಿಸಿದವರೂ ಅವರೇ. ಆ ಜೂನ್‌ನಲ್ಲಿ ವೇಗಸ್ ಅವರನ್ನು ಆರಿಸಿಕೊಂಡಿತು. ಹಾಗೆ ಆರಿಸಿಕೊಳ್ಳಲು ಪಿಟ್ಸ್‌ಬರ್ಗ್ ಮೇಲಿಂದ ಒಂದು ಎರಡನೇ ಸುತ್ತಿನ ಡ್ರಾಫ್ಟ್ ಪಿಕ್, ಅಂದರೆ ಡ್ರಾಫ್ಟ್‌ನಲ್ಲಿ ಆರಿಸುವ ತನ್ನ ಒಂದು ಸರದಿ, ಕೊಟ್ಟಿತ್ತು. ಅಂದರೆ ಕೊಟ್ಟದ್ದಷ್ಟೇ ಅಲ್ಲ, ಒಯ್ಯಿರಿ ಎಂದು ಬಸ್ ಚಾರ್ಜನ್ನೂ ಸೇರಿಸಿ ಕೊಟ್ಟರು. ಒಯ್ದವರು ಮೊದಲ ವರ್ಷವೇ ಫೈನಲ್ ಮುಟ್ಟಿದರು.

ಇಲ್ಲಿಂದ ನಿಮ್ಮ ‘ಹೋಗಲ್ಲ ಎನ್ನಬಹುದೇ’ ಪ್ರಶ್ನೆಗೆ ಬರುತ್ತೇನೆ. ಐಪಿಎಲ್‌ನಲ್ಲಿ ಆಟಗಾರನನ್ನು ಒಂದು ತಂಡದಿಂದ ಇನ್ನೊಂದಕ್ಕೆ ಟ್ರೇಡ್ ಮಾಡಲು ಅವನ ಒಪ್ಪಿಗೆ ಬೇಕು. ಈ ತಂಡಗಳೆಲ್ಲ ಆಡುವ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಹಾಗಿಲ್ಲ. ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ಮಾತ್ರ ಹಕ್ಕು, ಇಲ್ಲದಿದ್ದರೆ ಬೆಳಿಗ್ಗೆ ಫೋನ್ ಬರುತ್ತದೆ, ಸಂಜೆ ವಿಮಾನ. ಬರೆಸಿಕೊಳ್ಳಲು 27 ವರ್ಷವಾಗಿರಬೇಕು ಅಥವಾ ಲೀಗ್‌ನಲ್ಲಿ ಏಳು ಋತು ಕಳೆದಿರಬೇಕು. ಹಾಗಾಗಿ ಈ ಷರತ್ತುಗಳು ಹಿರಿಯರ ಒಪ್ಪಂದದಲ್ಲೇ ಕಾಣುತ್ತವೆ. ಎಲ್ಲ ಷರತ್ತೂ ಒಂದೇ ಗಟ್ಟಿಯವಲ್ಲ. ‘ನೋ-ಮೂವ್’ ಇದ್ದರೆ ಟ್ರೇಡೂ ಇಲ್ಲ, ಕೆಳಗಿನ ಲೀಗಿಗೆ ಇಳಿಸುವಂತೆಯೂ ಇಲ್ಲ. ‘ನೋ-ಟ್ರೇಡ್’ ಎಂದರೆ ಟ್ರೇಡಿಗೆ ಮಾತ್ರ ತಡೆ. ಅದರಲ್ಲೂ ಪಟ್ಟಿಯ ಪದ್ಧತಿಯೊಂದಿದೆ: ಆಟಗಾರ ತಾನು ಹೋಗಲೊಲ್ಲದ ತಂಡಗಳ ಹೆಸರನ್ನು, ಒಪ್ಪಂದದಲ್ಲಿ ಹೇಳಿದಷ್ಟು, ಬರೆದುಕೊಡುತ್ತಾನೆ, ಉಳಿದವಕ್ಕೆ ಅವನನ್ನು ಕೇಳದೆ ಕಳಿಸಬಹುದು. ಒಂದು ಒಳಗುಟ್ಟು ಹೇಳುತ್ತೇನೆ. ಜಾಣ ಏಜೆಂಟ್ ಆ ಪಟ್ಟಿಯಲ್ಲಿ ಆಟಗಾರನಿಗೆ ಇಷ್ಟವಿಲ್ಲದ ಊರುಗಳನ್ನಷ್ಟೇ ಬರೆಸುವುದಿಲ್ಲ. ಗೋಲಿ ಬೇಕಾಗಿರುವ, ದುಡ್ಡಿಗೆ ಜಾಗವೂ ಇರುವ ತಂಡಗಳನ್ನು ಹುಡುಕಿ ಬರೆಸುತ್ತಾನೆ. ಆಗ ನಿಜವಾದ ಗಿರಾಕಿಗಳೆಲ್ಲ ಮೊದಲು ಅವನ ಬಾಗಿಲಿಗೇ ಬರಬೇಕಾಗುತ್ತದೆ. ಆದ್ದರಿಂದ ‘ಪಟ್ಟಿಯಲ್ಲಿ ಆ ಊರಿದೆ, ಆ ಊರನ್ನು ಅವನು ದ್ವೇಷಿಸುತ್ತಾನೆ’ ಎಂದು ಯಾರಾದರೂ ಬರೆದರೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡು ಓದಿ.

2021ರಲ್ಲಿ ಜಾರಿಯಲ್ಲಿದ್ದ ವೇಗಸ್ ಒಪ್ಪಂದದಲ್ಲಿ ಫ್ಲೂರಿಯವರಿಗೆ ಇದ್ದದ್ದು ಇಂಥ ಹತ್ತು ತಂಡಗಳ ಪಟ್ಟಿ. ಅದರ ಹಿಂದಿನ ವರ್ಷವೇ ವಾತಾವರಣ ಕೆಟ್ಟಿತ್ತು. 2020ರ ಫೆಬ್ರವರಿಯಲ್ಲಿ ವೇಗಸ್ ರಾಬಿನ್ ಲೆನರ್ ಎಂಬ ಇನ್ನೊಬ್ಬ ಗೋಲಿಯನ್ನು ತಂದಿತು. ಆಗಸ್ಟ್‌ನ ಪ್ಲೇಆಫ್‌ನಲ್ಲಿ ಲೆನರ್ ಆಡಿದರು, ಫ್ಲೂರಿ ಕೂತರು. ಆಗ ಅವರ ಏಜೆಂಟ್ ಅಲನ್ ವಾಲ್ಶ್ ಟ್ವಿಟರ್‌ನಲ್ಲಿ ಒಂದು ಚಿತ್ರ ಹಾಕಿದರು: ಫ್ಲೂರಿ ಬೆನ್ನಿಗೆ ಕತ್ತಿ ಇರಿದಿದೆ, ಕತ್ತಿಯ ಮೇಲೆ ಕೋಚ್ ಡಿಬೋರ್ ಹೆಸರು. ಫ್ಲೂರಿ ಅದನ್ನು ತೆಗೆಸಿದರು, ಆದರೆ ಹೊಗೆ ಗುಂಡಿಯಿಂದ ಹೊರಬಿದ್ದಾಗಿತ್ತು. ಅಕ್ಟೋಬರ್‌ನಲ್ಲಿ ಲೆನರ್‌ಗೆ ವರ್ಷಕ್ಕೆ 50 ಲಕ್ಷ ಡಾಲರ್‌ನಂತೆ ಐದು ವರ್ಷದ ಒಪ್ಪಂದವಾಯಿತು. ಫ್ಲೂರಿ ಹೋಗಿಯೇ ಹೋಗುತ್ತಾರೆ ಎಂದು ಎಲ್ಲರೂ ಬರೆದರು, ನಾನೂ ಗೆಳೆಯರ ಜೊತೆ ಒಂದು ಕಾಫಿ ಪಣ ಕಟ್ಟಿದ್ದೆ. ಅವರು ಹೋಗಲಿಲ್ಲ. ಕಾಫಿ ಸೋತೆ. ಆ ಋತುವಿನಲ್ಲಿ 26 ಪಂದ್ಯ ಗೆದ್ದು, ಪಂದ್ಯಕ್ಕೆ ಸರಾಸರಿ 1.98 ಗೋಲು ಮಾತ್ರ ಬಿಟ್ಟು, 36ನೇ ವಯಸ್ಸಿನಲ್ಲಿ ಮೊದಲ ಸಲ ವೆಜಿನಾ ಟ್ರೋಫಿ, ಅಂದರೆ ನೀವು ಹೇಳಿದ ಅತ್ಯುತ್ತಮ ಗೋಲಿ ಪ್ರಶಸ್ತಿ, ಪಡೆದರು. ಜುಲೈ 27ಕ್ಕೆ ಶಿಕಾಗೊಗೆ ಟ್ರೇಡ್. ವೇಗಸ್ ಕಡೆಯಿಂದ ಯಾರೂ ಅವರಿಗೆ ಹೇಳಿಲ್ಲ ಎಂದು ಏಜೆಂಟ್ ಬರೆದರು. ಬದಲಿಗೆ ಬಂದ ಮಿಕೇಲ್ ಹಕ್ಕರೈನೆನ್ ಎಂಬ ಫಿನ್ಲೆಂಡಿನ ಹುಡುಗ ಅದುವರೆಗೆ ಎನ್‌ಎಚ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಿರಲಿಲ್ಲ.

ಅವಮಾನವೇ? ಸುದ್ದಿ ಮುಟ್ಟಿದ ರೀತಿ ಹೌದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಬೆಲೆ ಮಾತ್ರ ಅವಮಾನವಲ್ಲ. ಬೆಂಗಳೂರಿನಲ್ಲಿ ಹಳೇ ಮನೆ ಕೊಳ್ಳಲು ಬರುವವರು ಕಟ್ಟಡಕ್ಕೆ ಬೆಲೆ ಕಟ್ಟುವುದಿಲ್ಲ, ಕೆಳಗಿನ ಸೈಟಿಗೆ ಕಟ್ಟುತ್ತಾರೆ. ಅಜ್ಜ ನಿಂತು ಕೆತ್ತಿಸಿದ ಸಾಗುವಾನಿ ಬಾಗಿಲು ಲೆಕ್ಕಕ್ಕೇ ಬರುವುದಿಲ್ಲ. ವೇಗಸ್ ಅಂದು ಖಾಲಿ ಮಾಡಿಸಿಕೊಂಡದ್ದು ಸೈಟು. ಎನ್‌ಎಚ್‌ಎಲ್‌ನಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ, ಅದನ್ನು ಕ್ಯಾಪ್ ಎನ್ನುತ್ತಾರೆ. ಕೋವಿಡ್‌ನಿಂದ ಆದಾಯ ಕುಸಿದು ಆ ಮಿತಿ 8.15 ಕೋಟಿ ಡಾಲರ್‌ನಲ್ಲೇ ನಿಂತುಬಿಟ್ಟಿತ್ತು. ಅದರಲ್ಲಿ ಫ್ಲೂರಿಯವರ 70 ಲಕ್ಷ, ಲೆನರ್ ಅವರ 50 ಲಕ್ಷ, ಸೇರಿ 1.2 ಕೋಟಿ. ಒಮ್ಮೆಗೆ ಒಬ್ಬರೇ ನಿಲ್ಲುವ ಜಾಗಕ್ಕೆ ಹತ್ತಿರಹತ್ತಿರ ಏಳನೇ ಒಂದು ಪಾಲು. ಆ ಜಾಗ ಯಾಕೆ ಬೇಕಿತ್ತು ಎಂದು ನವೆಂಬರ್‌ನಲ್ಲಿ ತಿಳಿಯಿತು: ವರ್ಷಕ್ಕೆ ಕೋಟಿ ಡಾಲರ್‌ನ ಜ್ಯಾಕ್ ಐಕಲ್ ವೇಗಸ್‌ಗೆ ಬಂದರು. ಲೆಕ್ಕ ಸರಿ ಇತ್ತು ಎಂದು ಹೇಳುವುದೂ ಸುಲಭವಲ್ಲ. ಫ್ಲೂರಿ ಹೋದ ವರ್ಷವೇ ಆ ತಂಡ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪ್ಲೇಆಫ್ ತಪ್ಪಿಸಿಕೊಂಡಿತು. ಗಾಯದಿಂದ ಲೆನರ್ ಅವರ ಆಟವೇ ನಿಂತಿತು. ಹಾಗೆಂದು ತಪ್ಪಿತ್ತು ಎನ್ನಲೂ ಆಗದು, 2023ರಲ್ಲಿ ಅದೇ ತಂಡ ಕಪ್ ಗೆದ್ದಿತು, ಐಕಲ್ ಇದ್ದರು, ಗೋಲಿನಲ್ಲಿ ಏಡಿನ್ ಹಿಲ್ ಎಂಬ, ನಾಲ್ಕನೇ ಸುತ್ತಿನ ಪಿಕ್‌ಗೆ ತಂದಿದ್ದವರು.

ಬೆಲೆ ಕಮ್ಮಿಯಾಗಲು ಇನ್ನೊಂದು ಕಾರಣ, ಗೋಲಿಯ ಕೆಲಸವೇ. ಮುಂದೆ ಆಡುವವನಾದರೆ ಯಾವ ತಂಡಕ್ಕೂ ಇನ್ನೊಬ್ಬ ಬೇಕು, ಹನ್ನೆರಡು ಮಂದಿಯಲ್ಲಿ ಎಲ್ಲೋ ಒಂದು ಕಡೆ ಸೇರಿಸಬಹುದು. ಗೋಲು ಪೆಟ್ಟಿಗೆ ಒಂದೇ. 32 ತಂಡಗಳಿಗೆ 32 ಪೆಟ್ಟಿಗೆ. ಮಾರ್ಚ್ ಹೊತ್ತಿಗೆ ಕಪ್ ಆಸೆ ಇರುವ ತಂಡಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಗೋಲಿ ಇರುತ್ತಾನೆ. ಗಿರಾಕಿ ಒಬ್ಬರೋ ಇಬ್ಬರೋ. ಚಿಕ್ಕಂದಿನಲ್ಲಿ ನಾವು ಗೋಲಿ ಆಡುವಾಗ ಕೈಗೆ ಒಗ್ಗಿದ ಹಳೇ ಗೋಲಿಗೆ ಎರಡು ಹೊಸ ಗೋಲಿ ಕೇಳುತ್ತಿದ್ದೆವು, ಕೊಡುವವರೂ ಇದ್ದರು. ಈ ಗೋಲಿಗಳ ಸಂತೆಯಲ್ಲಿ ಹಾಗೆ ಕೊಡುವವರು ಸಿಗುವುದಿಲ್ಲ. ಅದಕ್ಕೇ ಹಿರಿಯ ಗೋಲಿಗಳ ಬಗ್ಗೆ ಸುದ್ದಿ ಹೆಚ್ಚು, ಟ್ರೇಡ್ ಕಡಿಮೆ.

ಅಪರೂಪಕ್ಕೆ ಎಲ್ಲ ಕೂಡಿಬರುತ್ತದೆ. ಶಿಕಾಗೊಗೆ ಹೋಗುವುದೋ ಆಟ ಬಿಡುವುದೋ ಎಂದು ಫ್ಲೂರಿ ಹೆಂಡತಿ, ಮೂರು ಮಕ್ಕಳ ಜೊತೆ ಕೂತು ಕೆಲವು ದಿನ ಯೋಚಿಸಿ, ಹೋದರು. ಡಿಸೆಂಬರ್ 9ರಂದು ತಮ್ಮ ಹುಟ್ಟೂರು ಸೊರೆಲ್‌ಗೆ ಹತ್ತಿರದ ಮಾಂಟ್ರಿಯಲ್‌ನಲ್ಲಿ 2-0ಯಿಂದ ಗೆದ್ದು 500ನೇ ಗೆಲುವು ಮುಟ್ಟಿದರು. ಅದಕ್ಕೆ ಮೊದಲು ಅಷ್ಟು ಗೆದ್ದಿದ್ದವರು ಮಾರ್ಟಿನ್ ಬ್ರೊಡರ್, ಪ್ಯಾಟ್ರಿಕ್ ರಾಯ್ ಇಬ್ಬರೇ. ತಂಡ ಮಾತ್ರ ಮೇಲೇಳಲಿಲ್ಲ. 2022ರ ಮಾರ್ಚ್ 21ರ ಡೆಡ್‌ಲೈನ್‌ಗೆ ಮುಂಚೆ ಹಬ್ಬಿದ ಸುದ್ದಿ ನಿಜವಾಗುವಂಥದ್ದಾಗಿತ್ತು, ಯಾಕೆಂದರೆ ಎಲ್ಲರ ಲೆಕ್ಕವೂ ಒಂದೇ ಕಡೆ ಬೊಟ್ಟು ಮಾಡುತ್ತಿತ್ತು. ಒಪ್ಪಂದದ ಕೊನೆಯ ವರ್ಷ. ಮಾರುವ ತಂಡಕ್ಕೆ ಆ ಋತುವಿನ ಆಸೆ ಇಲ್ಲ. ಕೊಳ್ಳುವ ಮಿನ್ನೆಸೋಟಕ್ಕೆ ಗೋಲಿನಲ್ಲಿ ಧೈರ್ಯ ಸಾಲದು. ಅದರ ಜನರಲ್ ಮ್ಯಾನೇಜರ್ ಬಿಲ್ ಗೆರಿನ್ 2009ರ ಪಿಟ್ಸ್‌ಬರ್ಗ್ ತಂಡದಲ್ಲಿ ಫ್ಲೂರಿ ಜೊತೆಯೇ ಕಪ್ ಎತ್ತಿದವರು. ಶಿಕಾಗೊ ಅರ್ಧ ಸಂಬಳವನ್ನು ತಾನೇ ಹೊತ್ತುಕೊಂಡು 70 ಲಕ್ಷದ ಗೋಲಿಯನ್ನು 35 ಲಕ್ಷದವನನ್ನಾಗಿ ಮಾಡಿಕೊಟ್ಟಿತು; ನಿಯಮದ ಪ್ರಕಾರ ಒಂದು ತಂಡ ಹೊರಬಹುದಾದ ಗರಿಷ್ಠ ಅಷ್ಟೇ. ಬದಲಿಗೆ ಎರಡನೇ ಸುತ್ತಿನ ಪಿಕ್. ಅದರ ಜೊತೆ ಒಂದು ಷರತ್ತು: ಮಿನ್ನೆಸೋಟ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ (ಕಪ್ ಫೈನಲ್‌ಗೆ ಮುಂಚಿನ ಸುತ್ತು) ತಲುಪಿ, ಮೊದಲ ಎರಡು ಸುತ್ತುಗಳಲ್ಲಿ ಫ್ಲೂರಿ ನಾಲ್ಕಾದರೂ ಪಂದ್ಯ ಗೆದ್ದರೆ ಅದು ಮೊದಲ ಸುತ್ತಿನದಾಗುತ್ತದೆ. ಮೊದಲ ಸುತ್ತಿನಲ್ಲೇ ಸೇಂಟ್ ಲೂಯಿಸ್ ಎದುರು ಮುಗಿಯಿತು, ಷರತ್ತು ಕಾಗದದಲ್ಲೇ ಉಳಿಯಿತು. ಬೇಸಿಗೆಯಲ್ಲಿ ಫ್ಲೂರಿ ಮಿನ್ನೆಸೋಟದಲ್ಲೇ ಎರಡು ವರ್ಷಕ್ಕೆ ಸಹಿ ಹಾಕಿದರು. ಕೆಲವೇ ದಿನದಲ್ಲಿ ಅಲ್ಲಿದ್ದ ಇನ್ನೊಬ್ಬ ಹಿರಿಯ ಗೋಲಿ ಕ್ಯಾಮ್ ಟಾಲ್ಬಟ್ ಒಟ್ಟಾವಗೆ ಹೋದರು. ಒಬ್ಬರು ಉಳಿದರೆ ಇನ್ನೊಬ್ಬರು ಮೂಟೆ ಕಟ್ಟಬೇಕು, ಪೆಟ್ಟಿಗೆ ಒಂದೇ ಎಂದೆನಲ್ಲ.

ಈಗ ನಿಮ್ಮ ಜೆರ್ಸಿ ತಪ್ಪಿದ 2024. ಸುದ್ದಿಗೆ ಬೇಕಾದ ಮಸಾಲೆ ಎಲ್ಲ ಇತ್ತು: 39 ವರ್ಷ, ಒಪ್ಪಂದದ ಕೊನೆಯ ತಿಂಗಳುಗಳು, ಹಿಂದೆ ಬಿದ್ದ ತಂಡ, ಜನವರಿ 15ರಂದು ನಿಮ್ಮೂರಲ್ಲೇ 552ನೇ ಗೆಲುವಿನೊಂದಿಗೆ ಪ್ಯಾಟ್ರಿಕ್ ರಾಯ್ ಅವರನ್ನೂ ದಾಟಿದ ಹೆಸರು. ಇಲ್ಲದಿದ್ದದ್ದು ಒಂದೇ, ಆ ಮನುಷ್ಯನ ಒಪ್ಪಿಗೆ. ಈ ಸಲದ ಒಪ್ಪಂದದಲ್ಲಿ ಹತ್ತು ತಂಡಗಳ ಪಟ್ಟಿಯಲ್ಲ, ಪೂರ್ತಿ ‘ನೋ-ಮೂವ್’ ಬರೆಸಿಕೊಂಡಿದ್ದರು. 2021ರ ಜುಲೈ ಕಲಿಸಿದ ಪಾಠ ಅದಿರಬೇಕು ಎಂದು ನನ್ನ ಊಹೆ. ಇಲ್ಲೇ ಇರಲು ಇಷ್ಟ ಎಂದು ಬಾಯಿಬಿಟ್ಟೂ ಹೇಳಿದ್ದರು. ಮಾರ್ಚ್ 8 ಕಳೆಯಿತು. ಏಪ್ರಿಲ್‌ನಲ್ಲಿ 25 ಲಕ್ಷ ಡಾಲರ್‌ಗೆ ಇನ್ನೊಂದು ವರ್ಷಕ್ಕೆ ಸಹಿ ಬಿತ್ತು. 2025ರಲ್ಲಿ 575 ಗೆಲುವಿನೊಂದಿಗೆ ಪ್ಯಾಡ್ ಬಿಚ್ಚಿದರು. ಆ ಫೆಬ್ರವರಿಯಲ್ಲಿ ನೀವು ನನಗೆ ಬರೆದಿದ್ದರೆ ‘ಕೊಳ್ಳಿ’ ಎನ್ನುತ್ತಿದ್ದೆ. ಹಿಂದಿನಿಂದ ಹೇಳುವುದು ಸುಲಭ ಎನ್ನಬೇಡಿ, ಷರತ್ತಿನ ಸಾಲು ಆಗಲೂ ಎಲ್ಲರ ಕಣ್ಣೆದುರಿಗೇ ಇತ್ತು.

ಹಾಗಾದರೆ ಹಿರಿಯ ಗೋಲಿಗೆ ಯಾವುದು ಒಳ್ಳೆಯದು, ಹೋಗುವುದೋ ಉಳಿಯುವುದೋ? ಇದನ್ನು ನನ್ನ ಬಳಿ ಬರುವ ಆಟಗಾರರೂ ಕೇಳುತ್ತಾರೆ. ಹೋದರೆ ಕಪ್ ಸಿಗಬಹುದು. 2023ರ ಮಾರ್ಚ್ ಒಂದರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಎರಡು ಕಪ್ ತಂದುಕೊಟ್ಟಿದ್ದ ಜೊನಾಥನ್ ಕ್ವಿಕ್ ಅವರನ್ನು ಕೊಲಂಬಸ್‌ಗೆ ಕೊಟ್ಟರು. ಹೆಚ್ಚಿನ ಅಭಿಮಾನಿಗಳು ಅದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಕೊಲಂಬಸ್ ಎರಡೇ ದಿನದಲ್ಲಿ ಅವರನ್ನು ವೇಗಸ್‌ಗೆ ದಾಟಿಸಿತು. ಜೂನ್‌ನಲ್ಲಿ ಅವರು ಮೂರನೇ ಕಪ್ ಎತ್ತಿದರು, ಪ್ಲೇಆಫ್‌ನಲ್ಲಿ ಬೆಂಚಿನ ಮೇಲೆ ಕೂತೇ. ಆದರೆ ರಯಾನ್ ಮಿಲ್ಲರ್ ಅವರನ್ನೂ ನೆನೆಯಬೇಕು. 2014ರ ಫೆಬ್ರವರಿ 28ರಂದು ಬಫಲೊದಿಂದ ಸೇಂಟ್ ಲೂಯಿಸ್‌ಗೆ ಬಂದಾಗ, ಇನ್ನು ಕಪ್ ಇವರದೇ ಎಂದರು. ಮೊದಲ ಸುತ್ತಿನಲ್ಲೇ ಶಿಕಾಗೊ ಎದುರು ಸೋತರು, ಬೇಸಿಗೆಯಲ್ಲಿ ಆ ಊರನ್ನೂ ಬಿಟ್ಟರು. ಗೋಲಿಗೆ ತನ್ನ ಮುಂದಿನ ರಕ್ಷಕರು ಯಾವಾಗ ಯಾವ ಕಡೆ ತಿರುಗುತ್ತಾರೆ, ಯಾವ ಹೊಡೆತವನ್ನು ಅವರು ತಡೆಯುತ್ತಾರೆ, ಯಾವುದನ್ನು ತನಗೆ ಬಿಡುತ್ತಾರೆ ಎಂಬುದು ಮೈಗೆ ಇಳಿದಿರಬೇಕು. ಆರು ವಾರದಲ್ಲಿ ಅದು ಇಳಿಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಉಳಿದವರ ಪೈಕಿ ಹೆನ್ರಿಕ್ ಲುಂಡ್‌ಕ್ವಿಸ್ಟ್. 2018ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್, ತಂಡವನ್ನು ಹೊಸದಾಗಿ ಕಟ್ಟುತ್ತೇವೆ, ಮೆಚ್ಚಿನವರು ಕೆಲವರು ಹೋಗಬಹುದು ಎಂದು ಅಭಿಮಾನಿಗಳಿಗೆ ಪತ್ರವನ್ನೇ ಬರೆಯಿತು. ಲುಂಡ್‌ಕ್ವಿಸ್ಟ್ ಷರತ್ತನ್ನು ಬಿಟ್ಟುಕೊಡಲಿಲ್ಲ, ಉಳಿದರು. 2020ರಲ್ಲಿ ತಂಡವೇ ಉಳಿದ ಒಪ್ಪಂದವನ್ನು ದುಡ್ಡು ಕೊಟ್ಟು ಮುರಿದುಕೊಂಡಿತು. ವಾಷಿಂಗ್ಟನ್ ಸೇರಿದರು, ಹೃದಯದ ತೊಂದರೆ ಕಾಣಿಸಿಕೊಂಡು ಒಂದೂ ಪಂದ್ಯ ಆಡಲಿಲ್ಲ. ಕಪ್ ಕೊನೆಗೂ ಸಿಗಲಿಲ್ಲ. ಅವರ ಸಂಖ್ಯೆ 30 ಈಗ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಸೂರಿನಿಂದ ತೂಗುತ್ತಿದೆ. ಲಾಭ ನಷ್ಟ ನೀವೇ ಹಾಕಿ ನೋಡಿ, ನನಗೆ ಇವತ್ತಿಗೂ ಕೂಡಿಸಲು ಬಂದಿಲ್ಲ.

ಎರಡೂ ಅಲ್ಲದ ತ್ರಿಶಂಕು ಸ್ಥಿತಿಯೇ ಎಲ್ಲಕ್ಕಿಂತ ಕೆಟ್ಟದ್ದು. ವ್ಯಾಂಕೂವರ್‌ನ ರಾಬರ್ಟೊ ಲುವಾಂಗೊ ಹೊರಡಲು ಸಿದ್ಧರಿದ್ದರು, ತಂಡವೂ ಕಳಿಸಲು ಸಿದ್ಧ. ಆದರೆ 2022ರವರೆಗೆ ಚಾಚಿದ್ದ 12 ವರ್ಷ, 6.4 ಕೋಟಿ ಡಾಲರ್‌ನ ಒಪ್ಪಂದವನ್ನು ಹೊರಲು ಯಾರೂ ಸಿದ್ಧರಿರಲಿಲ್ಲ. 2013ರ ಡೆಡ್‌ಲೈನ್ ಕಳೆದ ಮೇಲೆ ಪತ್ರಕರ್ತರ ಮುಂದೆ ಕೂತು ನನ್ನ ಒಪ್ಪಂದವೇ ದರಿದ್ರದ್ದು ಎಂಬರ್ಥದ ಮಾತಾಡಿದರು. ಆ ಬೇಸಿಗೆಯಲ್ಲಿ, ಅವರ ಜಾಗಕ್ಕೆ ಬಂದಿದ್ದ ಕೋರಿ ಷ್ನೈಡರ್ ಅವರನ್ನೇ ತಂಡ ನ್ಯೂಜೆರ್ಸಿಗೆ ಮಾರಿತು. ವರ್ಷವಿಡೀ ಸುದ್ದಿಯಲ್ಲಿದ್ದವರು ಉಳಿದರು, ಉಳಿಯುತ್ತಾರೆ ಎಂದುಕೊಂಡವರು ಹೋದರು. 2014ರ ಮಾರ್ಚ್‌ನಲ್ಲಿ ಬಯಲಿನಲ್ಲಿ ನಡೆದ ದೊಡ್ಡ ಪಂದ್ಯಕ್ಕೆ ಲುವಾಂಗೊ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಎರಡು ದಿನದ ಮೇಲೆ ಫ್ಲೋರಿಡಾಗೆ ಟ್ರೇಡ್.

ನಿಮ್ಮ ಮಗನ ಜೊತೆ ಸುದ್ದಿ ಓದುವಾಗ ನಾನು ನೋಡುವ ಕೆಲವನ್ನು ನೀವೂ ನೋಡಬಹುದು. ಗಾಯವಿಲ್ಲದ ಗೋಲಿಯನ್ನು ಪಂದ್ಯದ ದಿನ ಹಠಾತ್ತನೆ ಹೊರಗಿಟ್ಟು, ಕೆಳಗಿನ ಲೀಗ್‌ನಿಂದ ಹುಡುಗನೊಬ್ಬನನ್ನು ವಿಮಾನ ಹತ್ತಿಸಿದರೆ ಅದು ಗಂಭೀರ. ತಂಡದಲ್ಲಿ ಮೂವರು ಗೋಲಿಗಳು ವಾರಗಟ್ಟಲೆ ಉಳಿದರೂ ಹಾಗೆಯೇ. ಸುದ್ದಿಯಲ್ಲಿ ಪಿಕ್ ಯಾವ ಸುತ್ತಿನದು, ಸಂಬಳದಲ್ಲಿ ಎಷ್ಟು ಪಾಲು ಯಾರು ಹೊರುತ್ತಾರೆ ಎಂಬ ವಿವರ ಬರತೊಡಗಿದರೆ ಟವೆಲ್ ಸ್ವಲ್ಪ ಸರಿದಿದೆ ಎಂದರ್ಥ. ಬೇರೆ ತಂಡದವರು ಬಂದು ಆಟ ನೋಡಿದರು, ಮನೆ ಮಾರಾಟಕ್ಕಿಟ್ಟಿದ್ದಾರೆ, ಪಂದ್ಯ ಮುಗಿದ ಮೇಲೆ ಪ್ರೇಕ್ಷಕರ ಕಡೆ ಕೈಬೀಸಿದ ರೀತಿ ಬೇರೆಯಾಗಿತ್ತು, ಇವು ಯಾವುವೂ ಲೆಕ್ಕಕ್ಕಿಲ್ಲ. ಕೈಬೀಸುವುದನ್ನು ಓದುವ ವಿದ್ಯೆ ನನಗಂತೂ ತಿಳಿಯದು. ಆ ಗೋಲಿಯ ಒಪ್ಪಂದದಲ್ಲಿ ಯಾವ ಷರತ್ತಿದೆ, ಎಷ್ಟು ವರ್ಷ ಉಳಿದಿದೆ ಎಂಬುದು ಬಹಿರಂಗವಾಗಿ ಸಿಗುವ ಮಾಹಿತಿ, ಹತ್ತು ನಿಮಿಷದ ಕೆಲಸ. ಮಗನಿಗೇ ಹುಡುಕಲು ಹೇಳಿ. ಪೂರ್ತಿ ‘ನೋ-ಮೂವ್’ ಇದ್ದರೆ ಆ ಗೋಲಿಯ ಬಾಯಿಂದ ಮಾತು ಬರುವವರೆಗೆ ಉಳಿದವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಪಟ್ಟಿ ಮಾತ್ರ ಇದ್ದರೆ, ಕೊನೆಯ ವರ್ಷವಾಗಿದ್ದರೆ, ತಂಡ ಪ್ಲೇಆಫ್‌ನಿಂದ ದೂರವಿದ್ದರೆ, ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳಲಿ.

ಜೆರ್ಸಿ ಈಗಲೇ ಕೊಳ್ಳಿ. ಗೋಲಿ ಹೋದರೆ ಜೆರ್ಸಿ ಹಾಳು ಎಂಬ ಲೆಕ್ಕ ಕ್ರಿಕೆಟ್ ಮನೆಯವರದು. ಐಸ್ ರಿಂಕುಗಳಲ್ಲಿ ನೋಡಿ, ಹಳೆಯ ತಂಡದ ಜೆರ್ಸಿ ತೊಟ್ಟು ಬರುವವರಿಗೇ ಮರ್ಯಾದೆ ಒಂದು ಕೈ ಹೆಚ್ಚು. ಫ್ಲೂರಿ ನಾಲ್ಕು ತಂಡಗಳಲ್ಲೂ 29ನ್ನೇ ಹಾಕಿಕೊಂಡರು, ಅವತ್ತು ಬಾಕಿ ಉಳಿದ ಹಸಿರು 29 ಕೂಡ ಹುಡುಕಿದರೆ ಸಿಗುತ್ತದೆ. ಒಂದೇ ಎಚ್ಚರಿಕೆ, 2024ರ ಅಳತೆ ಹಿಡಿದು ಅಂಗಡಿಗೆ ಹೋಗಬೇಡಿ. ಮಗ ಬೆಳೆದಿರುತ್ತಾನೆ, ಎದೆಯ ಪ್ಯಾಡ್ ಮೇಲೆ ತೊಟ್ಟು ಆಡುವ ಆಸೆಯೂ ಇದ್ದೇ ಇರುತ್ತದೆ. ಎರಡು ಸೈಜ್ ದೊಡ್ಡದೇ ತೆಗೆದುಕೊಳ್ಳಿ.